ಹಳೇ ಜೀಪಿನ ರೇಡಿಯೇಟರ್ ಸೋರುತ್ತಿದ್ದರೆ

ಲೀಕ್ ನಿಲ್ಲಿಸುವ ಪುಡಿ ಸುರಿಯಬೇಡಿ. ಅದು ತೂತನ್ನಷ್ಟೇ ಮುಚ್ಚುವುದಿಲ್ಲ, ಮೊದಲೇ ಅರ್ಧ ಕಟ್ಟಿಕೊಂಡಿರುವ ಸಣ್ಣ ಟ್ಯೂಬುಗಳನ್ನೂ, ಗಾಡಿಯೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರನ್ನೂ ಮುಚ್ಚಿಬಿಡುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು, ಗಾಳಿ ಒತ್ತಿ ಸೋರಿಕೆ ತೋರಿಸುವ ಪ್ರೆಶರ್ ಟೆಸ್ಟರ್ ಹಾಕಿ. ಕ್ಯಾಪ್ ಮೇಲೆ 7 ಪಿಎಸ್‌ಐ ಎಂದಿದ್ದರೆ ಅಷ್ಟೇ ಒತ್ತಡ ಕೊಡಿ. ಹೆಚ್ಚಾದರೆ ಗಟ್ಟಿಯಾಗಿದ್ದ ಬೆಸುಗೆಯೂ ಬಿಡುತ್ತದೆ. ಹಸಿರು ಅಥವಾ ಬಿಳಿ ಕಲೆ ಕಂಡಲ್ಲಿ ಮೊದಲು ನೋಡಿ. ಸಾಮಾನ್ಯವಾಗಿ ಮೇಲಿನ ಟ್ಯಾಂಕ್ ಮತ್ತು ಟ್ಯೂಬುಗಳು ಸೇರುವ ಅಂಚೇ ಬಿರಿಯುವುದು.

ರೇಡಿಯೇಟರ್ ತಾಮ್ರ-ಹಿತ್ತಾಳೆಯದಾದರೆ ಉಳಿಸಿಕೊಳ್ಳಬಹುದು. ಹಳೇ ಬೆಸುಗೆ ಕೆರೆದು, ಲೋಹ ಹೊಳೆಯುವವರೆಗೆ ಉಜ್ಜಿ, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ ಸೀಸ-ತವರದ ಬೆಸುಗೆ ಹಾಕಿ. ಪಕ್ಕದ ಜೋಡಣೆಗಳ ಮೇಲೆ ಒದ್ದೆ ಬಟ್ಟೆ ಇಡಿ, ಇಲ್ಲದಿದ್ದರೆ ಒಂದು ಮುಚ್ಚುವಷ್ಟರಲ್ಲಿ ಇನ್ನೊಂದು ಬಿಡುತ್ತದೆ. ಟ್ಯೂಬುಗಳೇ ಕೊಳೆತಿದ್ದರೆ ತೇಪೆ ಬೇಡ. ಹಳೇ ಟ್ಯಾಂಕುಗಳನ್ನೇ ಇಟ್ಟುಕೊಂಡು ಹೊಸ ಕೋರ್, ಅಂದರೆ ನಡುವಿನ ಟ್ಯೂಬುಗಳ ಭಾಗ, ಹಾಕಿಸಿ. ಅಲ್ಯೂಮಿನಿಯಂಗೆ ಈ ಬೆಸುಗೆ ಹಿಡಿಯದು.

ಮುಖ್ಯ ವಿಷಯ ರೇಡಿಯೇಟರನ್ನು ಕೂರಿಸಿರುವ ರಬ್ಬರ್ ಬುಷ್‌ಗಳು. ಹಳ್ಳದಿಣ್ಣೆಯಲ್ಲಿ ಚಾಸಿ, ಅಂದರೆ ಗಾಡಿಯ ಕೆಳಚೌಕಟ್ಟು, ತಿರುಚಿಕೊಳ್ಳುತ್ತದೆ. ಬುಷ್ ಕಲ್ಲಾಗಿದ್ದರೆ ಆ ತಿರುಚು ನೇರ ರೇಡಿಯೇಟರಿಗೇ ಹೋಗುತ್ತದೆ. ಅವನ್ನು ಬದಲಿಸದೆ ಬೆಸೆದರೆ ಅದೇ ಜಾಗ ಮತ್ತೆ ಬಿಡುತ್ತದೆ. ಸೋರುವ ಜಾಗ ಒಂದು, ನೋವಿನ ಮೂಲ ಇನ್ನೊಂದು: ಮನುಷ್ಯರ ವಿಷಯದಲ್ಲೂ ಹೀಗೇ ಅಲ್ಲವೇ ಅನ್ನಿಸುತ್ತದೆ.

ರೇಡಿಯೇಟರ್ ಮತ್ತೆ ಕೂಡಿಸುವ ಮುಂಚೆ ಎಂಜಿನ್ ಬ್ಲಾಕನ್ನು ಮಾಮೂಲಿ ಹರಿವಿನ ಎದುರು ದಿಕ್ಕಿನಲ್ಲಿ ನೀರು ಹರಿಸಿ ತೊಳೆಯಿರಿ, ಇಲ್ಲವಾದರೆ ಅಲ್ಲಿನ ತುಕ್ಕೆಲ್ಲ ಹೊಸ ಕೋರಿಗೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ. ಹೀಟರ್ ವಾಲ್ವ್ ತೆರೆದು, ಗಾಡಿಯ ಮೂತಿ ಎತ್ತರಿಸಿ ನಿಧಾನ ತುಂಬಿಸಿ, ಗಾಳಿ ಹೊರಬರಲಿ. ಒಮ್ಮೆ ಬಿಸಿಯಾಗಿ ಆರಿದ ಮೇಲೆ ಮಟ್ಟ ನೋಡಿ, ಹೋಸ್ ಕ್ಲಿಪ್ ಇನ್ನೊಮ್ಮೆ ಬಿಗಿ ಮಾಡಿ.