ರೌಟರ್ ಲಿಫ್ಟ್ ಬಿಚ್ಚಿದ ಭಾನುವಾರ

ನನ್ನ ಮರಗೆಲಸದ ಮೇಜಿನ ಅಡಿಯಲ್ಲಿ ರೌಟರ್ ಲಿಫ್ಟ್ ಇದೆ, ಅಂದರೆ ಮರ ಕೊರೆಯುವ ಯಂತ್ರವನ್ನು (ರೌಟರ್) ಏರಿಸಿ ಇಳಿಸುವ ಸಾಧನ. ಒಂದು ವಾರದಿಂದ ಅದರ ಹಿಡಿಕೆ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಅರ್ಧ ಸುತ್ತು ಆದಮೇಲೆ ಬಿಟ್ (ಮರ ಕೊರೆಯುವ ಅಲಗು) ತಡವಾಗಿ ಏಳುತ್ತಿತ್ತು. ಇವತ್ತು ಪ್ಲಗ್ ಕಿತ್ತು, ಮೋಟರ್ ಇಳಿಸಿ, ಪೂರ್ತಿ ಬಿಚ್ಚಿದೆ.

ರೌಟರನ್ನು ಏರಿಸಿ ಇಳಿಸುವ ಉದ್ದ ತಿರುಪಿನ (ಲೀಡ್ ಸ್ಕ್ರೂ) ಎಳೆಗಳ ಸಂದಿಯಲ್ಲೆಲ್ಲ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಡಿ ಎಣ್ಣೆ ಜೊತೆ ಕಲಸಿಕೊಂಡು, ಆರಿದ ಹಿಟ್ಟಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಆ ಎಣ್ಣೆ ಬಿಟ್ಟಿದ್ದು ನಾನೇ, ಹೋದ ವರ್ಷ, ಒಳ್ಳೆಯದಾಗಲಿ ಅಂತ. ಹಳೇ ಹಲ್ಲುಜ್ಜುವ ಬ್ರಷ್, ಟರ್ಪೆಂಟೈನ್, ಒಂದು ದಬ್ಬಳ ಹಿಡಿದು ಎಳೆ ಎಳೆಯಾಗಿ ಬಿಡಿಸೋಕೆ ಎರಡು ಗಂಟೆ ಬೇಕಾಯ್ತು. ಈ ಸಲ ಎಣ್ಣೆ ಇಲ್ಲ, ಪುಡಿ ಹಿಡಿಯದ ಒಣ ಮೇಣ ಮಾತ್ರ. ನನ್ನ ಸ್ಕ್ರೂಗೆ ಇಂಚಿಗೆ 16 ಎಳೆ, ಅಂದರೆ ಒಂದು ಸುತ್ತಿಗೆ ಬಿಟ್ ಸುಮಾರು 1.6 ಮಿ.ಮೀ. ಏಳುತ್ತೆ. ಸ್ಕ್ರೂ ಹಿಡಿದ ನಟ್ಟಿನಲ್ಲಿ ಚೂರು ಸಡಿಲ ಇದ್ದೇ ಇರುತ್ತೆ, ಯಾವಾಗಲೂ ಒಂದೇ ದಿಕ್ಕಿನಿಂದ ಬಂದರೆ ಅದು ಅಳತೆ ಕೆಡಿಸಲ್ಲ. ಅದಕ್ಕೇ ಬಿಟ್ಟನ್ನು ಬೇಕಾದ್ದಕ್ಕಿಂತ ಕೆಳಗಿಳಿಸಿ, ಆಮೇಲೆ ಮೇಲಕ್ಕೆ ತಂದೇ ಅಳತೆ ನಿಲ್ಲಿಸಬೇಕು.

ಆಯುಧ ಪೂಜೆಗೆ ಇದೇ ಮೇಜಿಗೆ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಕೈ ಮುಗಿದಿದ್ದೆ. ಅವತ್ತೂ ಬಗ್ಗಿ ಅದರ ಅಡಿಭಾಗ ನೋಡಿರಲಿಲ್ಲ. ಅದು ಇವತ್ತು ಮನಸ್ಸಿಗೆ ಚುಚ್ಚಿತು.

ಈಗ ಹಿಡಿಕೆ ಒಂದೇ ಬೆರಳಿಗೆ ತಿರುಗುತ್ತೆ. ಸಾಗುವಾನಿ ತುಂಡಿನಲ್ಲಿ 6 ಮಿ.ಮೀ. ಆಳದ ಗ್ರೂವ್ (ಉದ್ದನೆಯ ಕಾಲುವೆ) ಹೊಡೆದು ಕ್ಯಾಲಿಪರ್ ಇಟ್ಟು ಅಳೆದೆ. ಸರಿಯಾಗಿ ಆರು.