ಸರ್ ಹೆಣೆಸಿದ ಬೆತ್ತದ ಕುರ್ಚಿ

ಕಲಬುರಗಿಯ ಬ್ಯಾಸಗಿಯಲ್ಲಿ ನಮ್ಮ ಡ್ರಾಯಿಂಗ್ ಹಾಲಿನ ಕಬ್ಬಿಣದ ಸ್ಟೂಲುಗಳು ಹಂಚಿನಂತೆ ಕಾಯುತ್ತಿದ್ದವು. ಅಲ್ಲಿ ತಂಪಾಗಿದ್ದದ್ದು ಎರಡೇ: ಕಾಲಡಿಯ ಶಹಾಬಾದಿ ಫರಸಿ, ಸರ್ ಕೂಡುತ್ತಿದ್ದ ಬೆತ್ತದ ಕುರ್ಚಿ. ಒಂದು ದಿನ ಬೆತ್ತ ಹರಿಯಿತು. ಗುಜರಿಗೆ ಹೊರಟಿದ್ದ ಅದನ್ನು ಸರ್ ತಡೆದು, ಮೇಜಿನ ಮೇಲಿಟ್ಟು, "ತಮ್ಮಾ, ಮೊದಲ ಕಾಲ ನೋಡು. ಕುಂತವನ ಭಾರ ಎಲ್ಲಿಂದ ಎಲ್ಲಿಗಿ ಇಳಿತದ ಹೇಳು" ಎಂದರು. ಆಮೇಲೆ ಬೋರ್ಡಿನ ಮೇಲೆ ಇನ್ನೊಂದು ಕುರ್ಚಿ ಬರೆದರು. ಅದರ ಕಾಲುಗಳು ಬಿಚ್ಚಿಟ್ಟ ಕೈವಾರದಂತೆ ಕೆಳಗೆ ಅಗಲಿ, ಮೇಲೆ ಕೈ ಊರುವ ಪಟ್ಟಿಯ ಹತ್ತಿರ ಕೂಡಿದ್ದವು. ಅದನ್ನು ರೂಪಿಸಿದ ವಾಸ್ತುಶಿಲ್ಪಿ ಪಿಯರ್ ಜಾನರೆಯ ಹೆಸರು ಕೇಳಿದ್ದು ಅವತ್ತೇ.

ಚಂಡೀಗಢ ಎಂದರೆ ಆ ನಗರದ ನಕ್ಷೆ ಹಾಕಿದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಎಂದಷ್ಟೇ ನಾವು ಓದಿಕೊಂಡಿದ್ದೆವು. ಅವರು ಬಂದು ಹೋಗುತ್ತಿದ್ದವರು. 1951ರಲ್ಲಿ ಬಂದು 1965ರವರೆಗೆ ಅಲ್ಲೇ ನೆಲೆಸಿ ಕೆಲಸ ನಡೆಸಿದವರು, ಸಂಬಂಧದಲ್ಲಿ ಅವರ ತಮ್ಮನಾಗಬೇಕಾದ ಜಾನರೆ. 1896ರಲ್ಲಿ ಜಿನೀವಾದಲ್ಲಿ ಹುಟ್ಟಿದವರು. ನೌಕರರ ಮನೆ, ಶಾಲೆ, ಪಂಜಾಬ್ ವಿಶ್ವವಿದ್ಯಾಲಯದ ಗಾಂಧಿ ಭವನ, ಎಲ್ಲದರಲ್ಲೂ ಅವರ ಕೈ ಇದೆ. ನನಗೆ ದೊಡ್ಡದೆನಿಸುವುದು ಮಾತ್ರ ಆ ಕುರ್ಚಿ. ಸಾಗವಾನಿ, ಬೆತ್ತ, ಅಲ್ಲಿನ ಬಡಿಗೇರರ ಕೈ. ಗಾಳಿ ಆಡಲೆಂದು ಹೆಣೆದ ಬೆನ್ನು. ನಮ್ಮ ಬಿಸಿಲಿಗೂ ಬೇಕಾದದ್ದು ಅದೇ ಅಲ್ಲವೇ!

ಸರ್ ಬೆತ್ತವನ್ನು ರಾತ್ರಿಯೆಲ್ಲ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಮರುದಿನ ನಮ್ಮ ಕೈಯಿಂದಲೇ ಹೆಣೆಸಿದರು. ಒದ್ದಿ ಇದ್ದಾಗ ಬಾಗುತ್ತದೆ, ಒಣಗಿದ ಹಾಗೆ ಬಿಗಿಯುತ್ತದೆ. ಒಣಗಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಸಡಿಲಾದ ಒಂದು ಎಳೆಯನ್ನು ಬಿಚ್ಚಿಸಿ ಮತ್ತೆ ಹಾಕಿಸಿದರು. ಕುರ್ಚಿಯ ಹಿಂದೆ ಬಿಳಿ ಬಣ್ಣದಲ್ಲಿ ಬರೆದಿದ್ದ ವಿಭಾಗದ ನಂಬರನ್ನು ಮಾತ್ರ ಉಜ್ಜಲು ಬಿಡಲಿಲ್ಲ.

ಎಷ್ಟೋ ವರ್ಷದ ಮೇಲೆ ಚಂಡೀಗಢದ ಸೆಕ್ಟರ್ 5ಕ್ಕೆ ಹೋದೆ. ಜಾನರೆ ಇದ್ದ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿಯ ಕುರ್ಚಿಯೊಂದರ ಬೆನ್ನ ಮೇಲೂ ಬಿಳಿ ಅಕ್ಷರ, ಯಾವುದೋ ಕಚೇರಿಯ ಗುರುತು. ಕಣ್ಣು ತುಂಬಿ ಬಂತು. ಇಂಥವನ್ನೇ ಹಳೆಯ ಸಾಮಾನೆಂದು ಕಚೇರಿಗಳು ಹರಾಜು ಹಾಕಿದವು. ವಿದೇಶದಲ್ಲಿ ಅವೇ ಲಕ್ಷಗಟ್ಟಲೆ ಬೆಲೆಗೆ ಹೋದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಮಾರಾಟಕ್ಕೆ ತಡೆ ಹಾಕುವ ಹೊತ್ತಿಗೆ ಬಹಳಷ್ಟು ಊರು ಬಿಟ್ಟಾಗಿತ್ತು. ಅವತ್ತು ಸರ್ ಗುಜರಿಯ ಗಾಡಿ ತಡೆದದ್ದು ನೆನಪಾಯಿತು.

ಜಾನರೆ 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಚಂಡೀಗಢದ ಸುಖ್ನಾ ಕೆರೆಯಲ್ಲಿ ಬಿಟ್ಟರು. ಆ ಕೆರೆಯ ದಂಡೆಯ ಮೇಲೆ ನಿಂತು ಸರ್‌ಗೆ ಫೋನ್ ಮಾಡಿದೆ. "ಕುರ್ಚಿ ನೋಡಿದೆ ಸರ್," ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹೆಣಿಗಿ ಬಿಗಿ ಅದ ಏನೋ?"