ಊರಾಚೆಯ ಅಮ್ಮನಿಗೆ ಹೇಳಿದ ಮಾತು

ಮಾರಮ್ಮನ ಹಬ್ಬಕ್ಕೆ ನಮ್ಮ ಮನೆಯಿಂದ ಎರಡು ಆರತಿ ಹೋಗುತ್ತವೆ. ಒಂದು ಎಲ್ಲರ ಮನೆಯಂತೆ ಅಕ್ಕಿ ತಂಬಿಟ್ಟಿನ ಆರತಿ. ಹೊಂಬಾಳೆ, ಹೂವು, ತುಪ್ಪದ ಬತ್ತಿ ಎಲ್ಲ ಇರುತ್ತೆ. ಇನ್ನೊಂದು ಅಂಗೈಯಷ್ಟು ಚಿಕ್ಕದು. ರಾಗಿ ಹಿಟ್ಟಿನದು. ಅದಕ್ಕೆ ತುಪ್ಪ ಹಾಕುವ ಹಾಗಿಲ್ಲ, ಹರಳೆಣ್ಣೆ ದೀಪವೇ ಆಗಬೇಕು. ಮನೆಯಲ್ಲಿ ಆ ವರ್ಷ ಯಾವ ಹುಡುಗಿ ದೊಡ್ಡವಳಾಗಿದ್ದಾಳೋ ಅವಳು ಅದನ್ನು ಹೊರಬೇಕು. ಅಂಥವರು ಇಲ್ಲದ ವರ್ಷ ಮನೆಯ ಹಿರಿಯ ಹೆಂಗಸು ಹೊರುತ್ತಾಳೆ.

ಈ ಸಲ ನನ್ನ ಮೊಮ್ಮಗಳು ಹೊತ್ತಳು. ಹೊರುವ ಮೊದಲು, 'ಅಜ್ಜಿ, ಇದ್ಯಾಕೆ ರಾಗಿದು?' ಅಂತ ಕೇಳಿದಳು. ಹಿಂದಿನ ರಾತ್ರಿ ಕೂರಿಸಿಕೊಂಡು ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ನನ್ನ ಅಜ್ಜಿ ನನಗೆ ಹೇಳಿದ ಹಾಗೆ. ಅಜ್ಜಿಗೆ ಅದನ್ನು ಹೇಳಿದವಳು ಅವಳ ಅವ್ವ, ಅಂದರೆ ನನ್ನ ಮುತ್ತಜ್ಜಿ. ಕತೆ ಅವಳದೇ.

ನಮ್ಮದು ಬೆಂಗಳೂರು ಪೇಟೆಯಿಂದ ಆರೇಳು ಮೈಲಿ ದೂರದ ಹಳ್ಳಿ. ಈಗ ಹಳ್ಳಿಯಲ್ಲ, ಬಡಾವಣೆ. ಆಗ ಸುತ್ತ ರಾಗಿ ಹೊಲ, ಒಂದು ಕೆರೆ, ಊರ ಗಡಿಯಲ್ಲಿ ಬೇವಿನ ಮರ, ಅದರ ಬುಡದಲ್ಲಿ ಮಾರಮ್ಮನ ಮೂರು ಕಲ್ಲು. ಅಷ್ಟೇ. 1898ರಲ್ಲಿ ಮುತ್ತಜ್ಜಿಗೆ ಹದಿಮೂರು ವರ್ಷ.

ಆ ವರ್ಷ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಎರಡು ವರ್ಷದ ಹಿಂದೆ, 1896ರಲ್ಲಿ, ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ರೋಗ ರೈಲು ದಾರಿ ಹಿಡಿದು ಇಲ್ಲಿಗೂ ತಲುಪಿತ್ತು. ಸ್ಟೇಷನ್ನುಗಳಲ್ಲಿ ಇಳಿದವರನ್ನು ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದರು. ಪೇಟೆಯ ಮನೆಗಳ ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳಿಸುತ್ತಿದ್ದರು. ಮೈಸೂರು ಸಂಸ್ಥಾನದ ಮಹಾರಾಜರಾದ ಕೃಷ್ಣರಾಜ ಒಡೆಯರಿಗೂ ಆಗ ಹದಿನಾಲ್ಕೇ ವರ್ಷ, ತಾಯಿ ವಾಣಿವಿಲಾಸ ಸನ್ನಿಧಾನದವರು ಮಗನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದರು. ಇದನ್ನು ಓದಿದಾಗ ನನಗೆ ಸುಮ್ನೆ ಅನ್ನಿಸಿತ್ತು, ಅರಮನೆಯ ಹುಡುಗನೂ ನಮ್ಮ ಗುಡಿಸಲಿನ ಹುಡುಗಿಯೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಒಂದೇ ಭಯದಲ್ಲಿ ಬೆಳೆದವರು.

ಮುತ್ತಜ್ಜಿಯ ಸೋದರಮಾವ ತರಗುಪೇಟೆಯ ಕಾಳಿನ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಪ್ಲೇಗು. ಅವನು ಮತ್ತೆ ಊರಿಗೆ ಬರಲೇ ಇಲ್ಲ. ಸತ್ತ ಸುದ್ದಿಯೂ ತಡವಾಗಿ ಬಂತು.

ರಾಗಿ ಕೊಯ್ಲಿನ ಹೊತ್ತಿಗೆ ಊರಿನಲ್ಲೂ ಇಲಿ ಬಿದ್ದವು. ಅಟ್ಟದಿಂದ, ಸೂರಿನಿಂದ, ನಡುಮನೆಗೇ ಬಂದು ಒದ್ದಾಡಿ ಸಾಯುತ್ತಿದ್ದವು. ಇಲಿ ಬಿತ್ತು ಅಂದರೆ ಊರು ಬಿಡಬೇಕು ಅನ್ನುವುದು ಆಗಲೇ ಎಲ್ಲರ ಬಾಯಲ್ಲಿತ್ತು. ಇಲಿಯ ಮೈಮೇಲಿನ ಚಿಗಟ ಈ ರೋಗವನ್ನು ಮನುಷ್ಯರಿಗೆ ದಾಟಿಸುತ್ತೆ ಅಂತ ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಕಂಡುಕೊಂಡಿದ್ದು ಅದೇ 1898ರಲ್ಲಿ. ಅದನ್ನು ಬಲ್ಲವರೇ ನಂಬಲು ವರ್ಷಗಳು ಬೇಕಾದವು. ನಮ್ಮ ಊರಿನವರಿಗೆ ಚಿಗಟದ ವಿಷಯ ಗೊತ್ತಿರಲಿಲ್ಲ, ಆದರೂ ಮನೆ ಬಿಟ್ಟು ನಡೆದರು. ಹೊಲದಲ್ಲಿ ಬಿದಿರಿನ ತಡಿಕೆ ಕಟ್ಟಿ, ತೆಂಗಿನ ಗರಿ ಹೊದಿಸಿ, ಒಂದೊಂದು ಸಂಸಾರಕ್ಕೆ ಒಂದೊಂದು ಗುಡ್ಲು. ಒಂದು ಗುಡ್ಲಿಂದ ಇನ್ನೊಂದಕ್ಕೆ ಯಾರೂ ಹೋಗುವಂತಿಲ್ಲ. ಬೆಂಕಿ ಕೇಳಲೂ ಹೋಗುವಂತಿಲ್ಲ.

ಈ ಗುಡ್ಲಿನ ಮಾತು ಬಂದಾಗಲೆಲ್ಲ ಅಜ್ಜಿ ಒಂದು ಗಳಿಗೆ ನಿಲ್ಲಿಸುತ್ತಿದ್ದಳು. ಯಾಕೆ ಅಂತ ನನಗೆ ಆಮೇಲೆ ತಿಳಿಯಿತು.

ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಹಸಿರು ಸೊಪ್ಪು ತಂದು ಅವಳಿಗೆ ಗುಡ್ಲು ಹಾಕುತ್ತಾನೆ. ಅದು ಅವನ ಹಕ್ಕು. ಹುಡುಗಿ ಅದರಲ್ಲಿ ಕೂರುತ್ತಾಳೆ. ಚಿಗಳಿ ತಿನ್ನಿಸುತ್ತಾರೆ. ದಿನಾ ಸಂಜೆ ಬೀದಿಯ ಹೆಂಗಸರು ಬಂದು ಹಾಡು ಹೇಳಿ ಆರತಿ ಎತ್ತುತ್ತಾರೆ. ಅದೇ ಒಸಗೆ. ಹುಡುಗಿಯನ್ನು ಬೇರೆ ಕೂರಿಸುವುದು ನನಗೆ ಇಷ್ಟವಿಲ್ಲ. ನನ್ನ ಮಗಳನ್ನೂ ಕೂರಿಸಲಿಲ್ಲ, ಮೊಮ್ಮಗಳನ್ನೂ ಕೂರಿಸಲು ಬಿಡಲಿಲ್ಲ. ಆದರೆ ಹತ್ತು ಜನ ಹೆಂಗಸರು ಸುತ್ತ ಕೂತು, ಹೆದರಬೇಡ ಕಣೇ, ನಮಗೂ ಆಗಿದೆ ಅಂತ ನಗುನಗುತ್ತಾ ಹೇಳುವುದಿದೆಯಲ್ಲ, ಅದು ಮಾತ್ರ ಪ್ರತಿ ಹುಡುಗಿಗೂ ಸಿಗಬೇಕು.

ಮುತ್ತಜ್ಜಿಗೆ ಅದು ಸಿಗಲಿಲ್ಲ. ಸೋದರಮಾವ ಸತ್ತಿದ್ದ. ಗುಡ್ಲಂತೂ ಇತ್ತು, ಇಡೀ ಊರೇ ಗುಡ್ಲಿನಲ್ಲಿ ಕೂತಿತ್ತು.

ಅವಳ ಅವ್ವನಿಗೆ ಜ್ವರ ಬಂದು, ತೊಡೆ ಸಂದಿಯಲ್ಲಿ ಗಡ್ಡೆ ಎದ್ದಿತು. ಅಪ್ಪ ಹೊಲದ ಆಚೆ ತುದಿಯಲ್ಲಿ ಇನ್ನೊಂದು ಗುಡ್ಲು ಕಟ್ಟಿ ಅವ್ವನನ್ನು ಅಲ್ಲಿ ಮಲಗಿಸಿದ. ಗಂಜಿ, ನೀರು ಅವನೇ ಒಯ್ಯುತ್ತಿದ್ದ. ಮಕ್ಕಳು ಬದು ದಾಟಬಾರದು ಅಂತ ಕಟ್ಟಪ್ಪಣೆ. ಇಬ್ಬರು ತಮ್ಮಂದಿರು, ಚಿಕ್ಕವನಿಗೆ ನಾಲ್ಕು ವರ್ಷ. ಅವರಿಗೆ ಮುದ್ದೆ ತೊಳಸಿ ಹಾಕಿ, ಮಲಗಿಸಿ, ರಾತ್ರಿ ಬಾಗಿಲ ಬಳಿ ಕೂತು ಅವ್ವನ ನರಳಾಟ ಕೇಳುತ್ತಿದ್ದಳಂತೆ. ಗಾಳಿ ಈ ಕಡೆ ಬೀಸಿದರೆ ಕೇಳುತ್ತಿತ್ತು, ಆ ಕಡೆ ಬೀಸಿದರೆ ಇಲ್ಲ. ಕೇಳಿಸದ ರಾತ್ರಿಯೇ ಜಾಸ್ತಿ ಭಯ ಅಂತಿದ್ದಳಂತೆ.

ಅಂಥ ಒಂದು ಬೆಳಗಿನ ಜಾವ ಅವಳು ದೊಡ್ಡವಳಾದಳು.

ಮೊದಲು ತನಗೂ ಅದೇ ರೋಗ ಬಂತು ಅಂದುಕೊಂಡಳು. ಅಲ್ವಾ ಮತ್ತೆ? ಹದಿಮೂರು ವರ್ಷದ ಹುಡುಗಿ, ಹೊಟ್ಟೆನೋವು, ತೊಡೆಸಂದಿಯ ನೋವು, ಸುತ್ತ ಎಲ್ಲ ಕಡೆ ಸಾವು. ಗಡ್ಡೆ ಎದ್ದಿದೆಯಾ ಅಂತ ಕತ್ತಲಲ್ಲಿ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿಕೊಂಡಳು. ಆಮೇಲೆ ಅಕ್ಕಪಕ್ಕದ ಹುಡುಗಿಯರ ಒಸಗೆ ನೆನಪಾಗಿ ಇದು ಅದು ಅಂತ ಹೊಳೆಯಿತು. ಆದರೆ ಯಾರಿಗೆ ಹೇಳುವುದು? ಅವ್ವ ಬದುವಿನ ಆಚೆ. ಅಪ್ಪನಿಗೆ ಹೇಳುವ ಮಾತಲ್ಲ. ಪಕ್ಕದ ಗುಡ್ಲಿನ ಹೆಂಗಸು ಕಂಡರೂ ದೂರದಿಂದಲೇ ಕೈ ಆಡಿಸಿ, ಬರಬೇಡ ಅನ್ನುತ್ತಾಳೆ.

ಅವಳು ಎದ್ದು ಬೇವಿನ ಮರದ ಹತ್ತಿರ ಹೋದಳು.

ಹೋಗಬಾರದಿತ್ತು. ಆ ದಿನಗಳಲ್ಲಿ ದೇವರ ಹತ್ತಿರ ಹೋಗುವಂತಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅದರಲ್ಲೂ ಮಾರಮ್ಮ, ಅದರಲ್ಲೂ ಅಮ್ಮ ಮುನಿದಿದ್ದಾಳೆ ಅಂತ ಊರೆಲ್ಲ ನಡುಗುತ್ತಿದ್ದ ಕಾಲ. ಆದರೂ ಹೋದಳು. ಮುಟ್ಟಲಿಲ್ಲ. ಕಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದಳಂತೆ: 'ಅಮ್ಮಾ, ನಾನು ದೊಡ್ಡೋಳಾದೆ. ನಮ್ಮವ್ವಂಗೆ ಹೇಳಕ್ಕಾಗ್ತಿಲ್ಲ. ಅದಕ್ಕೆ ನಿಂಗೆ ಹೇಳ್ತಿದೀನಿ.'

ಅಷ್ಟೇ ಮಾತು. ಇಲ್ಲಿಗೆ ಬಂದಾಗ ಅಜ್ಜಿಯ ದನಿ ಚಿಕ್ಕ ಹುಡುಗಿಯ ದನಿಯಾಗುತ್ತಿತ್ತು. ಈಗ ನಾನು ಹೇಳುವಾಗ ನನ್ನದೂ ಆಗುತ್ತೆ.

ಹರಕೆ ಕಟ್ಟಿಕೊಳ್ಳಲಿಲ್ಲ ಅವಳು. ಅವ್ವನನ್ನು ಉಳಿಸು ಅಂತಲೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂತ ಅಜ್ಜಿ ಒಮ್ಮೆ ಅವಳನ್ನೇ ಕೇಳಿದ್ದಳಂತೆ. 'ಎಲ್ಲಾರೂ ಅವಳ್ನ ಕೇಳೋರೇ ಆಗಿದ್ರು. ನಂಗೆ ಹೇಳ್ಕೊಬೇಕಿತ್ತು' ಅಂದಳಂತೆ.

ನಾಲ್ಕು ದಿನಕ್ಕೆ ಅವ್ವ ತೀರಿಕೊಂಡಳು. ಮಕ್ಕಳಿಗೆ ಮುಖ ತೋರಿಸಲಿಲ್ಲ.

ಊರಿಗೆ ಮರಳಿದ್ದು ಮುಂದಿನ ಬೇಸಿಗೆಗೆ. ಯುಗಾದಿ ಕಳೆದು ಮಾರಮ್ಮನ ಹಬ್ಬ ಬಂತು. ಉಳಿದವರೆಲ್ಲ ಸೇರಿ ಅಮ್ಮನನ್ನು ತಂಪು ಮಾಡಲು ಮೊಸರನ್ನ, ಬೇವಿನಸೊಪ್ಪು, ತಂಬಿಟ್ಟಿನಾರತಿ ಅಂತ ಹೊರಟರು. ಇವಳ ಮನೆಯಲ್ಲಿ ಅಕ್ಕಿ ಇರಲಿಲ್ಲ. ರಾಗಿ ಹಿಟ್ಟಿಗೆ ಬೆಲ್ಲ ಕಲಸಿ, ನಡುವೆ ಹೆಬ್ಬೆರಳಿನಿಂದ ಒತ್ತಿ ಕುಳಿ ಮಾಡಿ, ಹರಳೆಣ್ಣೆ ಬತ್ತಿ ಹಚ್ಚಿ, ಸಿಂಬೆಯ ಮೇಲೆ ಇಟ್ಟುಕೊಂಡು ತಾನೂ ಹೆಂಗಸರ ಸಾಲಿನ ಕೊನೆಯಲ್ಲಿ ನಡೆದಳು. ಯಾರೋ ಹಿರಿಯರು ಗದರಿದರು. ನಿಮ್ಮವ್ವನನ್ನು ಉಳಿಸಿಕೊಡಲಿಲ್ಲವಲ್ಲ, ನಿನಗೆ ಯಾವ ಹರಕೆ ಬಾಕಿ ಇದೆ ಅಂತ ಆರತಿ ತಂದೆ?

'ನಾನು ಹೇಳಿದ್ನ ಕೇಳ್ಸ್ಕೊಂಡೋಳು ಅವ್ಳೊಬ್ಳೇ' ಅಂದಳಂತೆ ಹುಡುಗಿ.

ಆಗ ಸಾಲಿನಲ್ಲಿದ್ದ ಹೆಂಗಸರಿಗೆ ಅರ್ಥವಾಯಿತು. ಗುಡ್ಲಿನಲ್ಲಿ ಇವಳೊಬ್ಬಳೇ ದೊಡ್ಡವಳಾಗಿದ್ದಳು, ಆರತಿ ಎತ್ತುವವರಿಲ್ಲದೆ. ಅಲ್ಲೇ ಬೇವಿನ ಮರದ ಕೆಳಗೆ, ಅಮ್ಮನಿಗೆ ಎತ್ತಿದ ಆರತಿಯನ್ನೇ ತಿರುಗಿಸಿ ಅವಳಿಗೂ ಎತ್ತಿದರು. ಹಾಡೂ ಹೇಳಿದರು. ಅದೇ ಅವಳ ಒಸಗೆ. ಅಂದಿನಿಂದ ನಮ್ಮ ಮನೆಯ ರಾಗಿ ಆರತಿ ನಡೆದುಕೊಂಡು ಬಂದಿದೆ.

ಪ್ಲೇಗು ಒಂದು ವರ್ಷಕ್ಕೆ ಮುಗಿಯಲಿಲ್ಲ. ದಶಕಗಳ ಕಾಲ ಬಂದು ಬಂದು ಹೋಯಿತು. ಇಕ್ಕಟ್ಟಿನ ಪೇಟೆ ಬಿಟ್ಟ ಜನ ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳಲ್ಲಿ ನೆಲೆಸಿದರು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲಿ ಮುಂಬಯಿಯಲ್ಲಿ ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ ಲಸಿಕೆ ನಮ್ಮ ಕಡೆಗೂ ಬಂತು. ಮುತ್ತಜ್ಜಿ ಆಮೇಲೆ ತನ್ನ ಮಕ್ಕಳಿಗೆಲ್ಲ ಅದನ್ನು ಹಾಕಿಸಿದಳಂತೆ, ಅಕ್ಕಪಕ್ಕದವರು ಅಮ್ಮ ಮುನಿಯುತ್ತಾಳೆ ಅಂತ ಹೆದರಿಸಿದರೂ. ಅಮ್ಮನ ಭಕ್ತಿಗೂ ಸೂಜಿಗೂ ಅವಳ ಮನಸ್ಸಿನಲ್ಲಿ ಜಗಳವೇ ಇರಲಿಲ್ಲ. ನನಗೂ ಇಲ್ಲ.

ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮ ಅನ್ನುವ ಹೆಸರಿನ ಗುಡಿ ಇವತ್ತಿಗೂ ಇದೆ. ಹೊಸಬರು ಹೆಸರು ಕೇಳಿ ಬೆಚ್ಚುತ್ತಾರೆ. ರೋಗದ ಹೆಸರನ್ನು ದೇವರಿಗೆ ಇಡುತ್ತಾರಾ ಅಂತ ಕೇಳುತ್ತಾರೆ. ರೋಗ ಕೊಡುವವಳೇ ಅವಳು, ಅದಕ್ಕೆ ಹೆದರಿ ಪೂಜೆ ಮಾಡುತ್ತಾರೆ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಅಮ್ಮ ಎಲ್ಲಿ ಕೂತಿದ್ದಾಳೆ ನೋಡಿ. ಊರ ನಡುವೆ ಅಲ್ಲ, ಗಡಿಯಲ್ಲಿ. ಕಾಯಿಲೆಯವರನ್ನು ಎಲ್ಲಿಗೆ ಕಳಿಸುತ್ತೇವೋ ಅಲ್ಲಿ, ಹೆಣ ಎಲ್ಲಿಗೆ ಹೋಗುತ್ತೋ ಆ ದಾರಿಯಲ್ಲಿ, ಆಗಿನ ಕಾಲದಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಎಲ್ಲಿ ಹೋಗಿ ಕೂರುತ್ತಿದ್ದರೋ ಅಲ್ಲೇ, ಬಿಸಿಲು ಮಳೆಯಲ್ಲಿ ಕಲ್ಲಾಗಿ ಕೂತಿದ್ದಾಳೆ. ಆಚೆ ಹಾಕಿಸಿಕೊಂಡವರ ಜೊತೆ ಇರುವ ದೇವರು ಅವಳು. ಮುತ್ತಜ್ಜಿ ಆ ಬೆಳಗಿನ ಜಾವ ಊರೊಳಗಿನ ಗುಡಿಗೆ ಹೋಗಿದ್ದರೆ ಬಾಗಿಲು ಹಾಕಿರುತ್ತಿತ್ತು. ಮಾರಮ್ಮನಿಗೆ ಬಾಗಿಲೇ ಇರಲಿಲ್ಲ.

ಈಗ ಇದೆ. ಕಲ್ಲುಗಳ ಸುತ್ತ ಗುಡಿ ಎದ್ದಿದೆ, ಗೋಪುರ, ಕಬ್ಬಿಣದ ಗೇಟು. ಬೇವಿನ ಮರವನ್ನು ಕಡಿಯದೆ ಗೋಡೆಯನ್ನೇ ಬಳಸಿ ಕಟ್ಟಿದ್ದಾರೆ, ಅದೊಂದು ಪುಣ್ಯ. 2020ರಲ್ಲಿ ಯುಗಾದಿಯ ದಿನವೇ, ಮಾರ್ಚ್ 25ಕ್ಕೆ, ದೇಶಕ್ಕೆಲ್ಲ ಬೀಗ ಬಿತ್ತು. ಆ ವರ್ಷ ಹಬ್ಬವಿಲ್ಲ, ತಮಟೆಯಿಲ್ಲ. ಮನೆಯಲ್ಲೇ ಒಂದು ಹಿಡಿ ರಾಗಿ ಹಿಟ್ಟು ಕಲಸಿ ದೀಪ ಹಚ್ಚಿದೆ. ಕೆಲವು ವಾರ ಕಳೆದ ಮೇಲೆ ಹಾಲು ತರಲು ಹೋದವಳು ಗುಡಿಯ ಮುಂದೆ ನಿಂತೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೇಟಿನ ಸರಳು ಹಿಡಿದು ಏನೇನೋ ಹೇಳಿದೆ. ಗಂಡನ ಜ್ವರದ ವಿಷಯ, ಬೇರೆ ಊರಿನಲ್ಲಿ ಸಿಕ್ಕಿಕೊಂಡಿದ್ದ ಮಗಳ ವಿಷಯ, ರಾತ್ರಿ ನಿದ್ದೆ ಬಾರದ ವಿಷಯ. ಕಾಪಾಡು ಅಂತ ಬಾಯಿಗೆ ಬಂದಿತ್ತು, ಅದನ್ನೂ ಹೇಳಿದೆ ಅನ್ನಿಸುತ್ತೆ, ನಾನು ಮುತ್ತಜ್ಜಿಯಷ್ಟು ಗಟ್ಟಿಯಲ್ಲ. ಆದರೆ ಹೇಳಿ ಮುಗಿಸಿ ಮನೆಗೆ ಬರುವಾಗ ಎದೆ ಹಗುರವಾಗಿತ್ತು. ಕೇಳುವುದು ಅಂದರೆ ನಮ್ಮ ಭಾಷೆಯಲ್ಲಿ ಎರಡು ಅರ್ಥ. ಬೇಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ನಾವು ಮೊದಲನೆಯದನ್ನೇ ಮಾಡುತ್ತಾ ಇರುತ್ತೇವೆ, ಅವಳು ಎರಡನೆಯದನ್ನು ಮಾಡುತ್ತಾ ಕೂತಿರುತ್ತಾಳೆ.

ಈ ವರ್ಷದ ಹಬ್ಬ ಮಂಗಳವಾರ ಬಿತ್ತು. ಮೊಮ್ಮಗಳು ಶಾಲೆಗೆ ರಜಾ ಹಾಕಿದಳು. ರಾಗಿ ಹಿಟ್ಟನ್ನು ಅವಳೇ ಕಲಸಿದಳು, ಬೆಲ್ಲ ಜಾಸ್ತಿಯಾಗಿ ಹಿಟ್ಟು ಕೈಗೆ ಅಂಟಿತು, ಮತ್ತೆ ಹಿಟ್ಟು ಸೇರಿಸಿ ಸರಿ ಮಾಡಿದಳು. ಕುಳಿ ಮಾತ್ರ ಮೊದಲ ಸಲಕ್ಕೇ ಚೆನ್ನಾಗಿ ಬಂತು. ತಮಟೆಯ ಹಿಂದೆ ರಸ್ತೆಯಲ್ಲಿ ಸಾಲಾಗಿ ನಡೆದೆವು, ಪಕ್ಕದಲ್ಲಿ ಬಸ್ಸು, ಆಟೋ. ಅವಳ ತಲೆಯ ಮೇಲಿನ ದೀಪ ಆರದಿರಲಿ ಅಂತ ಗಾಳಿ ಬರುವ ಕಡೆಗೆ ನಾನು ನಡೆದೆ.

ಗುಡಿಯಲ್ಲಿ ಆರತಿ ಇಳಿಸಿ ಅವಳು ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹಾಗೆ ಕೂರು ಅಂತ ನಾನು ಹೇಳಿರಲಿಲ್ಲ. ಮುಂದಕ್ಕೆ ಬಾಗಿ ಮೆಲ್ಲಗೆ ಏನೋ ಹೇಳತೊಡಗಿದಳು. ಹೇಳಿದಳು, ಹೇಳಿದಳು, ಮುಗಿಯಲೇ ಇಲ್ಲ. ಹಿಂದಿನವರು ತಟ್ಟೆ ಹಿಡಿದು ಕಾದರು. ಪೂಜಾರಪ್ಪ ಕರ್ಪೂರ ಕೈಯಲ್ಲಿ ಹಿಡಿದು ಕಾದ. ತಮಟೆಯವರು ನಿಲ್ಲಿಸಿದರು. ನಮ್ಮ ಬೀದಿಯ ಹೆಂಗಸೊಬ್ಬಳು, 'ಇರ್ಲಿ ಬಿಡಿ, ಹೇಳ್ಕೊಳ್ಲಿ' ಅಂದಳು.

ಎದ್ದು ಬಂದ ಮೇಲೆ ಹಣೆಯಲ್ಲಿ ಕುಂಕುಮ, ಮೂಗಿನ ತುದಿಯಲ್ಲಿ ಹಿಟ್ಟು. ಏನು ಹೇಳಿದೆ ಅಂತ ನಾನು ಕೇಳಲಿಲ್ಲ. ದೀಪ ಆರಿದ ಮೇಲೆ ತಂಬಿಟ್ಟು ಮುರಿದು ಕೈಗಿಟ್ಟೆ. ಹರಳೆಣ್ಣೆ ಹೀರಿದ ಕಡೆ ಬಿಟ್ಟು ಉಳಿದದ್ದೆಲ್ಲ ತಿಂದಳು.